ನಮಗೆ ಮೆಚ್ಚಾದ ಕೆಲವು ಹಳೆಯ ಕ್ಯಾಮರಾಗಳು

ಕ್ಯಾಮರಾ ಎಂಬದು ಲ್ಯಾಟಿನ್ ಭಾಷೆಯಿಂದ ಬಂದ ಶಬ್ದ. ಕೋಣೆ ಎಂದು ಅದರ ಅರ್ಥ. ಮಣ್ಣಿನ ದಪ್ಪ ಗೋಡೆಯ ಮನೆಗಳಲ್ಲಿ ಬೆಳೆದ ನಮ್ಮ ಸೀಮೆಯ ಹುಡುಗಿಯರಿಗೆ ಇದನ್ನು ವಿವರಿಸುವದು ಬಹು ಸುಲಭ. ಬೇಸಗೆಯ ಮಧ್ಯಾಹ್ನ ಬಾಗಿಲು ಕಿಡಕಿಗಳನ್ನು ಮುಚ್ಚಿ ಮಲಗಿದಾಗ, ಕದದ ಸಣ್ಣ ರಂಧ್ರದೊಳಗಿಂದ ಬಂದ ಬೆಳಕು ಎದುರುಗೋಡೆಯ ಮೇಲೆ ಬೀದಿಯ ಚಿತ್ರವನ್ನು ಮೂಡಿಸುವದನ್ನು ಅವರಲ್ಲಿ ಅನೇಕರು ಕಂಡಿರುತ್ತಾರೆ. ಆ ಚಿತ್ರದಲ್ಲಿ ಚಕ್ಕಡಿಯು ಗಾಲಿಗಳನ್ನು ಮೇಲೆ ಮಾಡಿಕೊಂಡು ಸಾಗುವದು. ಕೊಡ ಹೊತ್ತವಳು ತಲೆ ಕೆಳಗಾಗಿ ನಡೆಯುವಳು. ಬೆಳಕು ನೆಟ್ಟಗೆ ಚಲಿಸುವದರಿಂದ ಮೇಲಿನಿಂದ ಬಂದ ಕಿರಣವು ಕೆಳಗೂ ಕೆಳಗಿನಿಂದ ಬಂದದ್ದು ಮೇಲೂ ಬೀಳುವದೇ ಇದಕ್ಕೆ ಕಾರಣ. ಆ ಕೋಣೆಯನ್ನು ಪೆಟ್ಟಿಗೆಯಷ್ಟು ಚಿಕ್ಕದು ಮಾಡಿ, ರಂಧ್ರಕ್ಕೆ ಒಂದು ಮಸೂರವನ್ನು ಕೂಡಿಸಿ, ಎದುರುಗೋಡೆಗೆ ಬೆಳಕು ತಾಗಿದರೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಲೇಪಿಸಿದರೆ ಕ್ಯಾಮರಾ ಸಿದ್ಧವಾಯಿತು. ಇದಕ್ಕಿಂತ ಹೆಚ್ಚಿನದೆಲ್ಲ ಬರಿಯ ಅನುಕೂಲತೆ.

ಈ ಅನುಕೂಲತೆಗಳನ್ನು ಎಣಿಸಿ ಕ್ಯಾಮರಾದ ಯೋಗ್ಯತೆಯನ್ನು ಅಳೆಯುವ ರೂಢಿಯು ಎಲ್ಲೆಡೆಗೂ ಇದೆ. ನಾವು ಅದನ್ನು ಒಪ್ಪುವದಿಲ್ಲ. ಹಿಂದೆ ಕ್ಯಾಮರಾದ ಎದುರಿಗೆ ಮಾತ್ರ ಕುಳ್ಳಿರಬಹುದಾಗಿದ್ದವರನ್ನು ಅದರ ಹಿಂದೆ ತಂದು ನಿಲ್ಲಿಸಿದ್ದು ಯಾವದೋ, ನಿಂತವರಿಗೆ ಸಾವಧಾನವಾಗಿ ನೋಡಲು ಕಲಿಸಿದ್ದು ಯಾವದೋ, ಅದೇ ದೊಡ್ಡ ಕ್ಯಾಮರಾ ಎಂದು ನಮ್ಮ ಮತ. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಮಾಡುವವರಿಗೆ ಈ ಅಳತೆಗೋಲು ಸಹಜವಾದದ್ದೆಂದು ಓದುಗರು ತಿಳಿದುಕೊಂಡಾರು.

ಛಾಯಾಚಿತ್ರದ ವಿದ್ಯೆಯು ಯೂರೋಪಖಂಡದಲ್ಲಿ 1839ರಲ್ಲಿ ಬಹಿರಂಗವಾಯಿತು. ಅದಾಗಿ ಇಪ್ಪತ್ತು ವರ್ಷ ತುಂಬುವದರೊಳಗೆ ಅದು ಕನ್ನಡ ನಾಡಿನ ಗುಡಿಗಳ ಅಂಗಳಕ್ಕೆ ಬಂದು ನಿಂತಿತೆಂಬ ಸಂಗತಿಯು ಅನೇಕರಿಗೆ ತಿಳಿಯದು. 1855ರಲ್ಲಿ ಮುಂಬಯಿ ಸರಕಾರದವರು ಹಳೆಯ ಕಟ್ಟಡಗಳ ಚಿತ್ರ ತೆಗೆಯುವದಕ್ಕಾಗಿ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ನೇಮಿಸಿದರು. ಅವನು ಸೈನ್ಯಕ್ಕೆ ಮರಳಬೇಕಾಗಿ ಬಂದಾಗ ಆ ಕೆಲಸವು ಪಿಗು ಎಂಬ ವೈದ್ಯನ ಪಾಲಿಗೆ ಬಂದಿತು. ಇವರಿಬ್ಬರೂ ನೀಲ್ ಎಂಬ ಮತ್ತೊಬ್ಬನೂ ತೆಗೆದ ಚಿತ್ರಗಳು, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಸುರಪುರದ ಇತಿಹಾಸದಿಂದ ನಮಗೆ ಪರಿಚಿತನಾದ ಮೆಡೋಸ್ ಟೇಲರನು ಅದಕ್ಕೆ ಲೇಖನವನ್ನು ಬರೆದವರಲ್ಲೊಬ್ಬ. ಇತ್ತ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿಯು ಹಂಪೆಯ ಹಾಳು ಪಟ್ಟಣದಲ್ಲಿ ತನ್ನ ಕ್ಯಾಮರಾವನ್ನು ಹೂಡಿದನು. ಆಗ ಫಿಲ್ಮು ಇರಲಿಲ್ಲ. ಮೇಣ ಹಿಡಿಸಿದ ಕಾಗದವೇ ಫಿಲ್ಮು. ಅದರ ಮೇಲೆ ಬೆಳಕು ನೆರಳಾಗಿಯೂ ನೆರಳು ಬೆಳಕಾಗಿಯೂ ಮೂಡುವದು. ಇದಕ್ಕೇ ನೆಗೆಟಿವ್ ಎಂದು ಹೆಸರು. ಗ್ರೀನ್‌ಲಾನ ನೆಗೆಟಿವ್‌ಗಳು ಸುಮಾರು 16 ಅಂಗುಲಕ್ಕೆ 18 ಅಂಗುಲದವು. ಅಷ್ಟು ದೊಡ್ಡ ಕಾಗದವನ್ನು ಹಿಡಿಸುವ ಪೆಟ್ಟಿಗೆಯ ಗಾತ್ರವನ್ನು ಓದುವವರೇ ಊಹಿಸಬಹುದು. ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕಾಗಿದ್ದುದರಿಂದ ನಡೆದಾಡುವ ಮನುಷ್ಯರು ಇಂಥ ಚಿತ್ರಗಳಲ್ಲಿ ಮೂಡುವದೇ ಇಲ್ಲ. ಕಲ್ಲು ಮಾತ್ರ ಉಳಿಯುವದು.

ಆದರೆ ಆ ಕಲ್ಲು ಏನನ್ನು ಹೇಳುತ್ತದೆ ನೋಡಿರಿ. ವಿಠ್ಠಲ ದೇವಾಲಯದ ಎದುರಿನ ಕಲ್ಲಿನ ರಥವನ್ನು ಇಂದು ಎಲ್ಲರೂ ಬಲ್ಲರು. ಐವತ್ತು ರೂಪಾಯಿಯ ನೋಟಿನ ಮೇಲೂ ಅದು ಬಂದಿದೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ಅನಂತರದ ಕಾಲದಲ್ಲಿ ಅದು ಇಲ್ಲದಾಯಿತು. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಅವೇ ತಾಣಗಳಲ್ಲಿ ನಿಂತು ಮರಳಿ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದವರಿಗೆ ಏನು ಉಳಿಯಿತು, ಏನು ಹೋಯಿತು ಎಂಬದು ಬಾಯಿಂದ ಹೇಳದೆ ತಿಳಿಯುತ್ತದೆ. ಇತಿಹಾಸದ ಪಾಠಕ್ಕೆ ಇದಕ್ಕಿಂತ ಉತ್ತಮ ಸಲಕರಣೆ ನಮಗೆ ಗೊತ್ತಿಲ್ಲ. ಆದರೂ ಇಂಥ ಯಂತ್ರವು ಅಧಿಕಾರಿಗಳ ಮತ್ತು ಹಣವಂತರ ಸೊತ್ತಾಗಿತ್ತು.

ಮುಂದೆ ಸ್ಟುಡಿಯೋದವರ ಕಟ್ಟಿಗೆಯ ಕ್ಯಾಮರಾ ಬಂದಿತು. ಮೂರು ಕಾಲಿನ ಕುದುರೆಯ ಮೇಲೆ ಕುಳಿತ, ಹಾರ್ಮೋನಿಯಮ್ಮಿನಂತೆ ಮಡಿಕೆ ಮಡಿಕೆಯಾದ ತಿದಿಯುಳ್ಳ, ಹಿತ್ತಾಳೆಯ ಮೂಗಿನ ಆ ಯಂತ್ರವನ್ನು ಹಿರಿಯರು ನೆನಸಿಕೊಳ್ಳಬಹುದು. ಶಾಲೆಗಳ ಹಳೆಯ ಗುಂಪುಚಿತ್ರಗಳು ಹೆಚ್ಚಾಗಿ ಇದರಿಂದಲೇ ತೆಗೆದವು. ಛಾಯಾಗ್ರಾಹಕನು ಕರಿಯ ಬಟ್ಟೆಯೊಳಗೆ ತಲೆಯನ್ನು ತೂರಿಸಿ, ಹಿಂದಿನ ಮಬ್ಬುಗಾಜಿನ ಮೇಲೆ ಚಿತ್ರವನ್ನು ಹೊಂದಿಸುವನು. ಆ ಗಾಜಿನಲ್ಲಿ ಇಡೀ ಶಾಲೆಯು ತಲೆಕೆಳಗಾಗಿ ಕಾಣುವದು. ಎಂಥ ಕಟ್ಟುನಿಟ್ಟಿನ ಮುಖ್ಯಾಧ್ಯಾಪಕಿಯರೂ ಅಲ್ಲಿ ಕಾಲು ಮೇಲಾಗಿಯೇ ಕುಳಿತಿರಬೇಕಾಗುತ್ತಿತ್ತು. ಹೊಂದಿಸಿದ ಮೇಲೆ ಗಾಜನ್ನು ಸರಿಸಿ, ಲೇಪವಿರುವ ತಟ್ಟೆಯನ್ನಿಟ್ಟು, ಮಸೂರದ ಟೊಪ್ಪಿಗೆಯನ್ನು ತೆಗೆದು ಎಣಿಸಿ ಮತ್ತೆ ಮುಚ್ಚುವನು. ಆ ಎಣಿಕೆಯ ಹೊತ್ತಿನಲ್ಲಿ ಮಿಸುಕಿದ ಹುಡುಗಿಗೆ ಎರಡು ಮೂಗು. ಹಳೆಯ ಚಿತ್ರಗಳಲ್ಲಿ ನಗೆ ಕಾಣದಿರುವದಕ್ಕೆ ಶಾಲೆಯ ಶಿಸ್ತೊಂದೇ ಕಾರಣವಲ್ಲವೆಂಬದನ್ನು ಇದರಿಂದ ತಿಳಿಯಬೇಕು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಆ ಕಾಲದ ತಟ್ಟೆಗಳಿಗೆ ನೀಲಿಯ ಬೆಳಕು ಬೇಗನೆ ತಾಗುತ್ತಿತ್ತು, ಕೆಂಪಿನ ಬೆಳಕು ತಾಗುತ್ತಲೇ ಇರಲಿಲ್ಲ. ಆದಕಾರಣ ನೀಲಿ ಆಕಾಶವು ಬರಿಯ ಬಿಳಿಯಾಗಿಯೂ, ಇಳಕಲ್ಲ ಸೀರೆಯ ಕೆಂಪು ಸೆರಗು ಕಪ್ಪಾಗಿಯೂ ಬೀಳುವದು. ಅಜ್ಜಿಯ ಹಳೆಯ ಚಿತ್ರವನ್ನು ನೋಡಿ ಆಕೆ ಕರಿಯ ಸೆರಗಿನ ಸೀರೆ ಉಟ್ಟಿದ್ದಳೆಂದು ನಿರ್ಣಯಿಸಬಾರದು.

ಈ ಜಾತಿಯ ಕ್ಯಾಮರಾಗಳಲ್ಲಿ ನಮಗೆ ಹೆಚ್ಚು ಅಭಿಮಾನವಿರುವದು ವಾಗೀಶ್ವರಿಯ ಮೇಲೆ. ಕೇರಳದ ಆಲಪ್ಪುಳೆಯಲ್ಲಿ ವಾದ್ಯಗಳನ್ನು ತಯಾರಿಸುವ ಮನೆತನದ ಕರುಣಾಕರನ್ ಎಂಬವರ ಬಳಿಗೆ, ವಿದೇಶೀ ಕ್ಯಾಮರಾದ ಹರಿದ ತಿದಿಯೊಂದು ದುರಸ್ತಿಗೆ ಬಂದಿತು. ಹಾರ್ಮೋನಿಯಮ್ಮಿನ ತಿದಿ ಬಲ್ಲವರಿಗೆ ಇದೇನು ಅಸಾಧ್ಯ? ತಿದಿಯನ್ನು ಸರಿಪಡಿಸಿದ ಕೈಯೇ 1946ರಲ್ಲಿ ಇಡೀ ಕ್ಯಾಮರಾವನ್ನು ತಯಾರಿಸಿತು. ಸಾಗುವಾನಿ ಕಟ್ಟಿಗೆಯ ಈ ಕ್ಯಾಮರಾ ದೇಶದ ಅನೇಕ ಸ್ಟುಡಿಯೋಗಳಿಗೆ ಹೋಯಿತು. ಯಂತ್ರವಿದ್ಯೆಯು ಪರದೇಶದಿಂದಲೇ ಬರಬೇಕೆಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಕ್ಯಾಮರಾವನ್ನು ಮನೆಮಾತು ಮಾಡಿದ್ದು ಅಮೇರಿಕದ ಈಸ್ಟ್‌ಮನ್. ಅವನ 1888ರ ಕೊಡಾಕ್ ಪೆಟ್ಟಿಗೆಯಲ್ಲಿ ನೂರು ಚಿತ್ರಗಳಿಗಾಗುವಷ್ಟು ಸುರುಳಿ ಮೊದಲೇ ಇರುತ್ತಿತ್ತು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರಖಾನೆಗೆ ಕಳುಹಿಸಬೇಕು. ಕಿಮ್ಮತ್ತು 25 ಡಾಲರು. 1900ರಲ್ಲಿ ಅವನು ಹೊರತಂದ ಬ್ರೌನೀ ಎಂಬ ರಟ್ಟಿನ ಪೆಟ್ಟಿಗೆಗೆ ಒಂದೇ ಡಾಲರು. ಅದನ್ನು ಮಕ್ಕಳಿಗಾಗಿಯೇ ಮಾಡಿದ್ದು. ಹೆಸರನ್ನು ಕೂಡ ಮಕ್ಕಳ ಕಥೆಗಳಲ್ಲಿಯ ಕುಳ್ಳ ಯಕ್ಷರಿಂದ ತೆಗೆದುಕೊಂಡದ್ದು. ಅದರಲ್ಲಿ ಹೊಂದಿಸುವಂಥದು ಏನೂ ಇರಲಿಲ್ಲ. ಬಿಸಿಲನ್ನು ಬೆನ್ನಿಗೆ ಮಾಡಿ ನಿಲ್ಲುವದು, ಪೆಟ್ಟಿಗೆಯನ್ನು ಅಲುಗಿಸದಿರುವದು, ಇವೆರಡೇ ವಿದ್ಯೆ. ಮರುವರ್ಷ ಎರಡನೆಯ ಬ್ರೌನೀಗಾಗಿ ಮಾಡಿದ ‘120’ ಎಂಬ ಅಗಲ ಸುರುಳಿಯು ಇಂದಿಗೂ ತಯಾರಾಗುತ್ತಿದೆ. ನೂರಿಪ್ಪತ್ತು ವರ್ಷ ದಾಟಿದರೂ ಅಳತೆ ಬದಲಾಗದ ವಸ್ತುಗಳು ಜಗತ್ತಿನಲ್ಲಿ ಎಷ್ಟಿವೆ?

ಪಂಡಿತರು ಇಷ್ಟರಲ್ಲಿಯೇ ಲೈಕಾದ ಹೆಸರನ್ನು ಎತ್ತುವರು. ಜರ್ಮನಿಯ ವೆಟ್ಸ್‌ಲಾರ್ ಊರಿನ ಓಸ್ಕರ್ ಬಾರ್ನಾಕನು ಉಬ್ಬಸದ ರೋಗಿ. ಭಾರವಾದ ಕ್ಯಾಮರಾ ಹೊತ್ತು ಗುಡ್ಡ ಹತ್ತಲು ಅವನಿಂದಾಗದು. ಆದ್ದರಿಂದ ಸಿನೆಮಾದ ಕಿರಿಯ ಫಿಲ್ಮನ್ನೇ ತೆಗೆದುಕೊಂಡು, ಅದರ ಎರಡು ಚೌಕಟ್ಟುಗಳ ಜಾಗದಲ್ಲಿ 24 ಮಿಲಿಮೀಟರಿಗೆ 36ರ ಒಂದು ಚಿತ್ರ ಬೀಳುವಂಥ, ಕಿಸೆಯಲ್ಲಿ ಹಿಡಿಯುವ ಕ್ಯಾಮರಾವನ್ನು ರಚಿಸಿದನು. 1925ರಲ್ಲಿ ಅದು ಮಾರಾಟಕ್ಕೆ ಬಂದಿತು. ನಿರ್ಬಲ ದೇಹವೂ ದೊಡ್ಡ ಶೋಧಕ್ಕೆ ಕಾರಣವಾಗುವದೆಂಬದಕ್ಕೆ ಇದು ನಿದರ್ಶನ. ಅವನ ಅಳತೆಯೇ ಮುಂದೆ ಜಗತ್ತಿಗೆಲ್ಲ ಅಳತೆಯಾಯಿತು. ಆದರೆ ಅದರ ಬೆಲೆಯು ಸಾಮಾನ್ಯರ ಕೈಗೆ ಎಂದೂ ಎಟುಕಲಿಲ್ಲ. ನಾವು ಅದನ್ನು ದೂರದಿಂದಲೇ ಗೌರವಿಸುವೆವು.

ನಮ್ಮ ಪ್ರೀತಿಯು ರೋಲಿಫ್ಲೆಕ್ಸಿನ ಕಡೆಗೆ ಹೆಚ್ಚು. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಿಂದ ಹೊರಬಂದ ಈ ಕ್ಯಾಮರಾಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಮೇಲಿನದು ನೋಡಲಿಕ್ಕೆ, ಕೆಳಗಿನದು ಚಿತ್ರಕ್ಕೆ. ಮೇಲಿನ ಕಣ್ಣಿನಿಂದ ಬಂದ ಬೆಳಕು ಓರೆಯಾದ ಕನ್ನಡಿಗೆ ತಾಗಿ ನೆತ್ತಿಯ ಮೇಲಿನ ಮಬ್ಬುಗಾಜಿನಲ್ಲಿ ಮೂಡುವದು. ಕನ್ನಡಿಯ ದೆಸೆಯಿಂದ ಚಿತ್ರವು ತಲೆಕೆಳಗಾಗದೆ ನೆಟ್ಟಗೆ ನಿಲ್ಲುವದು. ಎಡಬಲ ಮಾತ್ರ ಅದಲುಬದಲಾಗುವದು. ಕ್ಯಾಮರಾವನ್ನು ಎದೆಯ ಕೆಳಗೆ ಹಿಡಿದು ಕೆಳಮುಖವಾಗಿ ನೋಡಬೇಕು. ಅಂದರೆ ಚಿತ್ರ ತೆಗೆಯುವವರು ಎದುರಿನವರನ್ನು ದಿಟ್ಟಿಸುವದಿಲ್ಲ, ಅವರೆದುರಿಗೆ ತಲೆ ಬಾಗಿಸುತ್ತಾರೆ. ಅಪರಿಚಿತರ ದೃಷ್ಟಿಗೆ ನಾಚಿ ಸೆರಗು ಎಳೆದುಕೊಳ್ಳುವ ಹೆಂಗಸರೂ ಅಳುಬುರುಕ ಮಕ್ಕಳೂ ಈ ಕ್ಯಾಮರಾದ ಎದುರಿಗೆ ಸಮಾಧಾನದಿಂದ ಇರಬಲ್ಲರು. ಇದು ಯಂತ್ರದಲ್ಲಿಯೇ ಹುದುಗಿರುವ ಸಭ್ಯತೆ ಎಂದು ನಾವು ತಿಳಿಯುತ್ತೇವೆ.

ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿಯೆಂದು ಪ್ರಸಿದ್ಧರಾದ ಹೋಮಾಯಿ ವ್ಯಾರಾವಾಲಾ ಅವರ ಕೈಯಲ್ಲಿದ್ದ ಕ್ಯಾಮರಾಗಳಲ್ಲಿ ರೋಲಿಫ್ಲೆಕ್ಸ್ ಒಂದು. 1913ರಲ್ಲಿ ಗುಜರಾತದ ನವಸಾರಿಯಲ್ಲಿ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಅವರು 1942ರಲ್ಲಿ ದಿಲ್ಲಿಗೆ ಹೋಗಿ ನೆಲಸಿದರು. ಗಂಡಸರೇ ತುಂಬಿದ್ದ ಆ ಉದ್ಯೋಗದಲ್ಲಿ ಸೀರೆಯುಟ್ಟು, ಭಾರವಾದ ಸಲಕರಣೆಗಳನ್ನು ತಾವೇ ಹೊತ್ತು, ಸ್ವಾತಂತ್ರ್ಯದ ದಿನಗಳನ್ನು ಚಿತ್ರಗಳಲ್ಲಿ ಹಿಡಿದರು. 1970ರಲ್ಲಿ ಆ ಕೆಲಸವನ್ನು ತಾವಾಗಿ ಬಿಟ್ಟರು. 2011ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಪಡೆದು, 2012ರಲ್ಲಿ ತೀರಿಕೊಂಡರು. ನಮ್ಮ ಹುಡುಗಿಯರು ನಾಯಕರ ಹೆಸರುಗಳನ್ನು ಬಾಯಿಪಾಠ ಮಾಡುವಾಗ ಆ ನಾಯಕರ ಮುಖಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ಒಬ್ಬ ಹೆಣ್ಣುಮಗಳಿದ್ದಳೆಂಬದನ್ನೂ ಅರಿತಿರಬೇಕು.

ಹೀಗಿದ್ದರೂ ನಮ್ಮ ಹಳ್ಳಿ ಪಟ್ಟಣಗಳ ಮನೆ ಹೊಕ್ಕದ್ದು ರೋಲಿಫ್ಲೆಕ್ಸಲ್ಲ, ಅಗ್ಫಾ ಕ್ಲಿಕ್ ತ್ರೀ. ಜರ್ಮನ್ ಹೆಸರಿನ, ಭಾರತದಲ್ಲಿಯೇ ತಯಾರಾದ ಈ ಕರಿಯ ಕ್ಯಾಮರಾ ಬ್ರೌನೀಯ ಮೊಮ್ಮಗಳೆನ್ನಬಹುದು. ಅದೇ 120ರ ಸುರುಳಿ. 12 ಚೌಕ ಚಿತ್ರಗಳು. ಬೆನ್ನಿನ ಕೆಂಪು ಕಿಂಡಿಯಲ್ಲಿ ಅಂಕಿ ಕಾಣುವವರೆಗೆ ತಿರುವಿ ಸುರುಳಿ ಮುಂದೂಡಬೇಕು. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ನೋಡುವ ಕಿಂಡಿಯೂ ಮಸೂರವೂ ಬೇರೆ ಬೇರೆಯಾದ್ದರಿಂದ ಹತ್ತಿರ ನಿಂತು ತೆಗೆದರೆ ತಲೆ ಹಾರಿಹೋಗುವದುಂಟು. ನೆತ್ತಿ ಇಲ್ಲದ ಸೋದರಮಾವಂದಿರು ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿದ್ದಾರೆ. 1967ರಿಂದ ಊಟಿಯಲ್ಲಿ ಸರಕಾರದ ಹಿಂದುಸ್ಥಾನ ಫೋಟೋ ಫಿಲ್ಮ್ಸ್ ಕಾರಖಾನೆಯವರು ‘ಇಂದು’ ಎಂಬ ಹೆಸರಿನ ಸ್ವದೇಶೀ ಫಿಲ್ಮನ್ನು ಕೊಡತೊಡಗಿದರು. ಈಗ ಅದು ಮುಚ್ಚಿಹೋಗಿದೆ. ಹನ್ನೆರಡೇ ಚಿತ್ರಗಳು, ಅವುಗಳನ್ನು ತೊಳೆಸುವದಕ್ಕೂ ಖರ್ಚು. ಆದುದರಿಂದ ಒಂದು ಸುರುಳಿಯಲ್ಲಿ ಜಾತ್ರೆಯೂ, ಸೀಮಂತವೂ, ಸುಗ್ಗಿಯೂ ಸೇರಿಕೊಳ್ಳುತ್ತಿದ್ದವು. ಯಾರನ್ನು, ಯಾವಾಗ, ಏತಕ್ಕೆ ತೆಗೆಯಬೇಕೆಂಬದನ್ನು ಮೊದಲೇ ಯೋಚಿಸದೆ ಗತಿಯಿರಲಿಲ್ಲ. ನಮ್ಮ ತಾಯಂದಿರ ಕಾಲದ ಎಷ್ಟೋ ಹುಡುಗಿಯರು, ಅಣ್ಣನು ಊರಲ್ಲಿಲ್ಲದಾಗ, ಈ ಕ್ಯಾಮರಾವನ್ನು ಮೊದಲ ಸಲ ಕೈಗೆ ತೆಗೆದುಕೊಂಡರು. ಅವರು ತೆಗೆದ ಚಿತ್ರಗಳಲ್ಲಿ ಹಿತ್ತಲೂ ಬೀಸುಕಲ್ಲೂ ರೊಟ್ಟಿ ಬಡಿಯುವ ಕೈಗಳೂ ಕಾಣಸಿಗುತ್ತವೆ. ಸ್ಟುಡಿಯೋದವರು ಇವುಗಳಲ್ಲಿ ಒಂದನ್ನೂ ತೆಗೆದವರಲ್ಲ. ನಮ್ಮ ಅಳತೆಗೋಲಿನಿಂದ ಈ ಸಾದಾ ಪೆಟ್ಟಿಗೆಗೆ ಮೊದಲ ಸ್ಥಾನ.

ಅನಂತರ ಬಣ್ಣದ ಫಿಲ್ಮು, ಜಪಾನಿನ ಚಿಕ್ಕ ಕ್ಯಾಮರಾಗಳು, ಕೊನೆಗೆ ಕೈಫೋನು ಬಂದವು. ಕೈಫೋನನ್ನು ನಾವು ನಿಂದಿಸುವದಿಲ್ಲ; ಇಂದು ನಮ್ಮ ಬಹುತೇಕ ವಿದ್ಯಾರ್ಥಿನಿಯರ ಮನೆಗಳಲ್ಲಿ ಒಂದು ಕ್ಯಾಮರಾ ಇರುವದು ಅದರಿಂದಲೇ.

ನಮ್ಮ ಚಿಂತೆಯು ಬೇರೆಯದು. ನಮ್ಮೂರಿಗೆ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ, 1970ರ ದಶಕದಲ್ಲಿ, ಹಿನ್ನೀರಿನ ಕೆಲವು ಊರುಗಳು ನೀರಿನ ಪಾಲಾದವು. ಅಲ್ಲಿಯ ಓಣಿ, ಗುಡಿ, ಬಾವಿಕಟ್ಟೆಗಳನ್ನು ಇಂದು ನೋಡಬೇಕಾದರೆ ಯಾರದೋ ಟ್ರಂಕಿನಲ್ಲಿ ಬಿದ್ದಿರುವ ನೆಗೆಟಿವ್‌ಗಳೇ ಗತಿ. ಮನೆ ಸುಣ್ಣ ಬಳಿಯುವಾಗ ಅವುಗಳನ್ನು ಕಸವೆಂದು ಎಸೆಯುತ್ತಾರೆ. ಹಾಗೆ ಮಾಡಬಾರದು. ನೆಗೆಟಿವನ್ನು ಅಂಚಿನಿಂದಲೇ ಹಿಡಿಯಬೇಕು. ಬೆರಳಿನ ಗುರುತು ಬಿದ್ದರೆ ಹೋಗದು. ಅಂಟುಹಾಳೆಯ ಆಲ್ಬಮ್ಮಿಗಿಂತ ಸಾದಾ ಕಾಗದದ ಲಕೋಟೆ ಲೇಸು. ಒಲೆಯ ಹೊಗೆಯೂ ಮಳೆಗಾಲದ ತೇವವೂ ತಾಗದ ಕಡೆ ಇಡಬೇಕು. ಊರು, ಇಸವಿ, ಹೆಸರುಗಳನ್ನು ಮೊದಲು ಲಕೋಟೆಯ ಮೇಲೆ ಸೀಸದ ಕಡ್ಡಿಯಿಂದ ಬರೆದು, ಅನಂತರವೇ ನೆಗೆಟಿವನ್ನು ಒಳಗಿಡಬೇಕು. ಇದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು.

ನೋಡುವ ಯುಕ್ತಿಯೂ ಸುಲಭ. ಒಂದು ಕೈಫೋನಿನ ಪರದೆಯನ್ನು ಬಿಳಿಯಾಗಿ ಬೆಳಗಿಸಿ, ಅದರಿಂದ ತುಸು ಎತ್ತರದಲ್ಲಿ ನೆಗೆಟಿವನ್ನು ಹಿಡಿದು, ಇನ್ನೊಂದರಿಂದ ಚಿತ್ರ ತೆಗೆದು, ಬಣ್ಣ ತಿರುವುಮುರುವು ಮಾಡಿದರೆ ಚಿತ್ರವು ಸರಿಯಾಗಿ ಕಾಣುವದು. ಮೊದಲು ನೋಡಿದಾಗ ಹುಡುಗಿಯರು ನಗುವದುಂಟು, ಏಕೆಂದರೆ ನೆಗೆಟಿವಿನಲ್ಲಿ ಹದಿನಾಲ್ಕು ವರ್ಷದ ಅಜ್ಜಿಗೂ ಬೆಳ್ಳಗಿನ ಕೂದಲು. ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ತಮ್ಮಲ್ಲಿರುವ ನೆಗೆಟಿವ್‌ಗಳನ್ನು ಶಾಲೆಗೆ ತಂದು ತೋರಿಸಿದರೆ, ನಮ್ಮ ಮೇಲಿನ ತರಗತಿಯ ಹುಡುಗಿಯರು ಅವರೆದುರಿಗೇ ನಕಲು ಮಾಡಿಕೊಂಡು, ಮೂಲವನ್ನು ಅದೇ ದಿನ ಅವರ ಕೈಗೆ ಹಿಂದಿರುಗಿಸುವರು.