ಸೈಕಲ್ ಸವಾರನ ಚೀಲದಲ್ಲಿ ಇರತಕ್ಕ ವಸ್ತುಗಳು

ಕಾಶಿಯಾತ್ರೆಗೆಂದು ರೈಲಿನಲ್ಲಿ ಸೈಕಲ್ಲನ್ನೂ ತಂದು, ಅಲ್ಲಿಯ ಕಂಟೋನ್ಮೆಂಟಿನಿಂದ ಪ್ರಾತಃಕಾಲ ಹೊರಟು ವರುಣಾ ನದಿಯಾಚೆಯ ಸಾರನಾಥಕ್ಕೋ, ಗಂಗೆಯನ್ನು ದಾಟಿ ಸುಮಾರು 40 ಕಿಲೋಮೀಟರ್ ದೂರದ ಚುನಾರಿನ ಕೋಟೆಗೋ ಸವಾರಿ ಹೋಗುವ ಉತ್ಸಾಹಿಗಳನ್ನು ನಮ್ಮ ಕನ್ನಡಿಗರಲ್ಲಿಯೂ ಕಂಡಿದ್ದೇನೆ. ಅವರ ಚೀಲಗಳನ್ನು ನೋಡಿದಾಗ ಮನಸ್ಸಿಗೆ ಕಳವಳವಾಗುತ್ತದೆ. ಹೆಜ್ಜೆಹೆಜ್ಜೆಗೂ ದೊರೆಯುವ ಬಿಸ್ಕತ್ತು, ಬಾಳೆಹಣ್ಣು, ನೀರಿನ ಸೀಸೆಗಳು ಹೊರೆಯಾಗಿ ತುಂಬಿರುತ್ತವೆ; ಯಾವ ವಸ್ತುವು ಇಡೀ ದಾರಿಯಲ್ಲಿ ಎಲ್ಲಿಯೂ ದೊರೆಯದೋ ಅದು ಮಾತ್ರ ಇರುವುದಿಲ್ಲ. ದಾರಿಯು ಕೊಡುವುದನ್ನು ದಾರಿಗೇ ಬಿಟ್ಟು, ಅದು ಕೊಡಲಾರದುದನ್ನು ಹೊತ್ತುಕೊಳ್ಳುವುದೇ ಸವಾರನು ಅನುಸರಿಸತಕ್ಕ ಕ್ರಮ.

ಸಿದ್ಧತೆಯು ಹಿಂದಿನ ರಾತ್ರಿಯೇ ಆಗಬೇಕು. ಮೊದಲು ಟಯರಿನ ಪಕ್ಕದ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಿಕೊಳ್ಳಿರಿ. ಕಿರಿದಾದ ಟಯರಿನ ರೋಡ್ ಸೈಕಲ್ಲಾದರೆ ಸಾಮಾನ್ಯವಾಗಿ ‘25-622’ ಎಂಬಂಥ ಬರಹವಿರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಬದಲಿ ಟ್ಯೂಬಿನ ಪೆಟ್ಟಿಗೆಯ ಮೇಲೆ ಈ ಎರಡು ಅಳತೆಗಳೂ ಹೊಂದಿಕೆಯಾಗಿರತಕ್ಕದ್ದು.

ಪ್ರಮಾದವು ನಡೆಯುವುದು ಇಲ್ಲಿಯೇ ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ. ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿಗಳಿರುವಾಗ ಟ್ಯೂಬನ್ನು ಹೊರುವುದೇಕೆಂದು ಅನೇಕರು ಕೇಳುತ್ತಾರೆ. ಅಂಗಡಿಗಳುಂಟು, ಅಲ್ಲಿಯ ಕುಶಲ ಕೈಗಳಿಗೆ ನನ್ನ ನಮಸ್ಕಾರವೂ ಉಂಟು. ಆದರೆ ಹಾಲಿನವರೂ ಶಾಲಾಬಾಲಕರೂ ತುಳಿಯುವ 28 ಇಂಚಿನ ಸೈಕಲ್ಲಿನ ರಿಮ್ಮು 635 ಮಿಲಿಮೀಟರಿನದು, ಅದರ ಟ್ಯೂಬು ದಪ್ಪನಾದುದು, ವಾಲ್ವೂ ದಪ್ಪನಾದುದು. ರೋಡ್ ಸೈಕಲ್ಲಿನ ರಿಮ್ಮಿನಲ್ಲಿ ಕೊರೆದಿರುವ ರಂಧ್ರವಾದರೋ ತೆಳ್ಳನೆಯ ಪ್ರೆಸ್ಟಾ ವಾಲ್ವಿಗಾಗಿ ಮಾಡಿದ್ದು, ಸುಮಾರು 6.5 ಮಿಲಿಮೀಟರ್ ಮಾತ್ರ. ಮೋಟಾರಿನ ಮಾದರಿಯ ವಾಲ್ವಿಗೆ ಬೇಕಾದುದು 8.5. ಎರಡೇ ಮಿಲಿಮೀಟರಿನ ಈ ಅಂತರದಿಂದಾಗಿ, ಅಂಗಡಿಯ ತುಂಬ ಟ್ಯೂಬುಗಳು ತೂಗುತ್ತಿದ್ದರೂ ಒಂದೂ ನಿಮ್ಮ ಚಕ್ರದೊಳಗೆ ಹೋಗದು. ರಂಧ್ರವನ್ನು ದೊಡ್ಡದು ಮಾಡಿಕೊಡುವೆನೆಂದು ಯಾರಾದರೂ ಮುಂದೆ ಬಂದರೆ ಸರ್ವಥಾ ಒಪ್ಪಬೇಡಿರಿ, ರಿಮ್ಮು ದುರ್ಬಲವಾಗುತ್ತದೆ. ರಿಮ್ಮು ಆಳವಾದುದಾದರೆ ವಾಲ್ವಿನ ಉದ್ದವನ್ನೂ ನೋಡಿಕೊಳ್ಳಬೇಕು, ಪಂಪು ಹಿಡಿಯುವಷ್ಟು ಅದು ಹೊರಗೆ ಚಾಚಿರಬೇಕು.

ಇಂಥ ಟ್ಯೂಬುಗಳನ್ನು ಎರಡು ಒಯ್ಯಿರಿ. ಅವನ್ನು ಪೆಟ್ಟಿಗೆಯಿಂದ ತೆಗೆದು, ಒಂದೊಂದನ್ನೂ ಹಳೆಯ ಕಾಲುಚೀಲದಲ್ಲಿ ಸುತ್ತಿಡಿರಿ. ಸೀಟಿನ ಕೆಳಗಿನ ಚೀಲದಲ್ಲಿ ಅಲೆನ್ ಕೀಗಳ ಜೊತೆ ಬರಿದೇ ಬಿದ್ದ ಟ್ಯೂಬು ಸವಾರಿಯುದ್ದಕ್ಕೂ ಉಜ್ಜಿಸಿಕೊಂಡು, ಮಡಿಕೆಯ ಅಂಚಿನಲ್ಲಿ ಸೂಜಿಯ ಮೊನೆಯಷ್ಟು ತೂತಾಗಿ, ಆಪತ್ಕಾಲದಲ್ಲಿ ಕೈಕೊಡುತ್ತದೆ. ಇದರೊಡನೆ ಎರಡು ಟಯರ್ ಲಿವರುಗಳು, ಪ್ರೆಸ್ಟಾಕ್ಕೆ ಹೊಂದುವ ಕೈಪಂಪು, ಪ್ಯಾಚುಗಳು, ಉಪ್ಪುಕಾಗದ ಮತ್ತು ಸೊಲ್ಯೂಷನ್ ಇರಲಿ. ಒಮ್ಮೆ ತೆರೆದ ಸೊಲ್ಯೂಷನ್ನು ತಿಂಗಳೊಪ್ಪತ್ತಿನಲ್ಲಿ ಒಣಗಿಹೋಗುವುದುಂಟು, ಹಿಂದಿನ ರಾತ್ರಿ ಒತ್ತಿ ನೋಡತಕ್ಕದ್ದು. ಮರೆಯಬಾರದ ಮತ್ತೊಂದು ವಸ್ತು ಹಿತ್ತಾಳೆಯ ಪುಟ್ಟ ಅಡಾಪ್ಟರು. ಬೆರಳ ತುದಿಯಷ್ಟರ ಇದನ್ನು ಪ್ರೆಸ್ಟಾ ವಾಲ್ವಿನ ಮೇಲೆ ತಿರುಗಿಸಿ ಕೂರಿಸಿದರೆ, ಹೆದ್ದಾರಿಯ ಯಾವ ಮೋಟಾರು ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದಲೂ ಗಾಳಿ ತುಂಬಿಸಿಕೊಳ್ಳಬಹುದು. ವಾಲ್ವಿನ ತುದಿಯ ನಟ್ಟನ್ನು ಮೊದಲು ಸಡಿಲಿಸದಿದ್ದರೆ ಗಾಳಿ ಒಳಗೆ ಹೋಗದು.

ಟ್ಯೂಬ್ ಬದಲಿಸುವ ಕ್ರಮವು ಎಲ್ಲರಿಗೂ ತಿಳಿದದ್ದೇ. ಒಂದು ಮಾತನ್ನಷ್ಟೆ ಹೇಳುವೆ: ಹೊಸ ಟ್ಯೂಬನ್ನು ಹಾಕುವ ಮೊದಲು ಬಟ್ಟೆಯ ಚೂರಿನಿಂದ ಟಯರಿನ ಒಳಮೈಯನ್ನು ಪೂರ್ತಿಯಾಗಿ ಒರೆಸಿರಿ, ಜಾಲಿಯ ಮುಳ್ಳು ಇನ್ನೂ ಅಲ್ಲಿದ್ದರೆ ಬಟ್ಟೆಯು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಟಯರಿನ ಪಕ್ಕವೇ ಹರಿದರೆ ಒಳಗಿನಿಂದ ಕೊಡಲು ಹಳೆಯ ಟಯರಿನ ಎರಡು ಬೆರಳಗಲದ ತುಂಡೊಂದು ಇರಲಿ.

ಚೈನು ತುಂಡಾಗುವುದು ಅಪರೂಪವಾದರೂ, ತುಂಡಾದಾಗ ನಡೆಯದೆ ಗತಿಯಿಲ್ಲ. ನಿಮ್ಮ ಗೇರುಗಳ ಸಂಖ್ಯೆಗೆ ಸರಿಹೊಂದುವ ಕ್ವಿಕ್ ಲಿಂಕನ್ನೂ ಚೈನ್ ಕಟ್ಟರನ್ನೂ ಇಟ್ಟುಕೊಳ್ಳಿರಿ. ಅಲೆನ್ ಕೀಗಳಲ್ಲಿ 4, 5, 6 ಮಿಲಿಮೀಟರಿನವು ಸಾಕು. ಇಷ್ಟೂ ಸೀಟಿನ ಕೆಳಗಿನ ಚೀಲದಲ್ಲಿಯೂ ಅಂಗಿಯ ಹಿಂಜೇಬುಗಳಲ್ಲಿಯೂ ಹಿಡಿಯುತ್ತದೆ. ಬೆನ್ನಿಗೆ ಚೀಲವನ್ನು ಹಾಕಿಕೊಂಡು ಹೋಗುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ; ಬೆನ್ನು ಬೆವರಿ, ಭುಜ ಸೋತು, ಸವಾರಿಯ ಸುಖವೇ ನಷ್ಟವಾಗುತ್ತದೆ.

ನೀರಿಗೆ ಚಳಿಗಾಲದಲ್ಲಿ ಒಂದು ಸೀಸೆ, ‘ಲೂ’ ಎಂಬ ಬಿಸಿಗಾಳಿ ಬೀಸಿ ಉಷ್ಣತೆಯು 40 ಡಿಗ್ರಿಯನ್ನು ಮೀರುವ ಮೇ ತಿಂಗಳಲ್ಲಿ ಎರಡು, ಒಂದರಲ್ಲಿ ಉಪ್ಪು ಸಕ್ಕರೆ ಬೆರೆಸಿರಲಿ. ತಿನ್ನಲು ಎರಡು ಕಡಲೆಕಾಯಿ ಚಿಕ್ಕಿ ಸಾಕು. ಮಿಕ್ಕದ್ದನ್ನು ಚಹದಂಗಡಿ ನೋಡಿಕೊಳ್ಳುತ್ತದೆ.

ಸ್ಥಳಾಭಾವದಿಂದ ಉಳಿದವನ್ನು ಸಂಕ್ಷೇಪಿಸುತ್ತೇನೆ. ಡಿಸೆಂಬರ್, ಜನವರಿಗಳ ಮಂಜಿನಲ್ಲಿ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಹೊಳೆಯುವ ಪಟ್ಟಿಯ ಅಂಗಿ ಕಡ್ಡಾಯ. ಹತ್ತು ಗಜದಾಚೆ ಏನೂ ಕಾಣದಿದ್ದರೆ ಹೊರಡಲೇಬೇಡಿರಿ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಜೊತೆಗೆ ಹೆಸರು, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆಗಳನ್ನು ಹಿಂದಿಯಲ್ಲಿಯೂ ಬರೆದ ಚೀಟಿಯನ್ನು ಇಡಿರಿ. ಸ್ವಲ್ಪ ಚಿಲ್ಲರೆ ಹಣ, ಒಂದು ಸಣ್ಣ ಬೀಗ. ತುರ್ತಿಗೆ 112.