ಇಯರ್ 10ಆ, ಇಯರ್ 11ಆ? ಐದು ವಾರದ ಲೆಕ್ಕ

ಹೋದ ವರ್ಷ, ಅಂದ್ರೆ 2025ರ ಸೆಪ್ಟೆಂಬರ್. ನಾವು ನಾಲ್ಕು ಜನ ಆಗಷ್ಟೇ ಹಾಸ್ಟೆಲ್ ಸೇರಿದ್ದೆವು. ಒಂದು ರಾತ್ರಿ ನಮ್ಮ ರೂಮ್‌ಮೇಟ್‌ಗೆ ಮನೆಯಿಂದ ಫೋನ್ ಬಂತು. ಅವನ ಅಪ್ಪನಿಗೆ ಕಂಪನಿಯಿಂದ ಇಂಗ್ಲೆಂಡಿಗೆ ವರ್ಗ ಆಗಿತ್ತು. ಅಕ್ಟೋಬರ್‌ನಲ್ಲಿ ಹೊರಡಬೇಕು, ಅಮ್ಮ ಮತ್ತು ತಂಗಿ ಕೂಡ ಜೊತೆಗೆ. ತಂಗಿ ಆಗ ಮೈಸೂರಿನಲ್ಲಿ ಹತ್ತನೇ ಕ್ಲಾಸ್, ಸ್ಟೇಟ್ ಸಿಲಬಸ್. "ನೀವೆಲ್ಲ ಇಂಜಿನಿಯರಿಂಗ್ ಓದ್ತಿದ್ದೀರಿ, ಇವಳನ್ನ ಅಲ್ಲಿ ಯಾವ ಕ್ಲಾಸಿಗೆ ಸೇರಿಸಬೇಕು ಅಂತ ಸ್ವಲ್ಪ ನೋಡಿ ಹೇಳ್ರಪ್ಪ" ಅಂದರು. ಹತ್ತು ನಿಮಿಷದ ಕೆಲಸ ಅಂದುಕೊಂಡೆವು. ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ಕಲಿತದ್ದನ್ನ ಇಲ್ಲಿ ಬರೆದಿದ್ದೇವೆ. ನಮ್ಮ ಕ್ಯಾಂಪಸ್‌ನಲ್ಲಿ ಅಣ್ಣನೋ ಚಿಕ್ಕಪ್ಪನೋ ಹೊರದೇಶದಲ್ಲಿ ಇಲ್ಲದವರು ಕಡಿಮೆ. ಮನೆಯಲ್ಲಿ ಇಂಥ ಪ್ರಶ್ನೆ ಬಂದಾಗ ಎಲ್ಲರೂ ನಮ್ಮ ಕಡೆಗೇ ನೋಡ್ತಾರೆ. ಆಗ ಉಪಯೋಗಕ್ಕೆ ಬರಲಿ ಅಂತ.

ಮೊದಲ ಪಾಠ: ಕ್ಲಾಸ್ ನಂಬರ್ ನಂಬಬೇಡಿ

ನಾವು ಮಾಡಿದ ಮೊದಲ ತಪ್ಪು ಇದೇ. ಇಲ್ಲಿ ಹತ್ತು ಅಂದ್ರೆ ಅಲ್ಲೂ ಹತ್ತು, ಇಯರ್ 10ಕ್ಕೆ ಸೇರಿಸಿ ಅಂತ ಹೇಳಿಬಿಟ್ಟೆವು. ಆಮೇಲೆ ಗೊತ್ತಾಯ್ತು, ಇಂಗ್ಲೆಂಡಿನಲ್ಲಿ ಮಕ್ಕಳನ್ನ ಕ್ಲಾಸ್ ನೋಡಿ ಅಲ್ಲ, ವಯಸ್ಸು ನೋಡಿ ಕೂರಿಸ್ತಾರೆ. ಅಲ್ಲಿ ಶಾಲೆ ವರ್ಷ ಸೆಪ್ಟೆಂಬರ್ 1ಕ್ಕೆ ಶುರು, ಆಗಸ್ಟ್ 31ಕ್ಕೆ ಮುಕ್ತಾಯ. ಆಗಸ್ಟ್ 31ಕ್ಕೆ ಐದು ವರ್ಷ ತುಂಬಿದ ಮಗು ಸೆಪ್ಟೆಂಬರ್‌ನಲ್ಲಿ ಇಯರ್ 1. ಹದಿನಾಲ್ಕು ತುಂಬಿದರೆ ಇಯರ್ 10, ಹದಿನೈದು ತುಂಬಿದರೆ ಇಯರ್ 11. ನಮ್ಮಲ್ಲಿ ಒಂದನೇ ಕ್ಲಾಸಿಗೆ ಹೆಚ್ಚುಕಮ್ಮಿ ಆರು ವರ್ಷಕ್ಕೆ ಸೇರೋದರಿಂದ, ಅವರ ನಂಬರ್ ನಮ್ಮದಕ್ಕಿಂತ ಸಾಮಾನ್ಯವಾಗಿ ಒಂದು ಜಾಸ್ತಿ. ನಮ್ಮ ಒಂಬತ್ತು ಅಲ್ಲಿ ಹತ್ತು, ನಮ್ಮ ಹತ್ತು ಅಲ್ಲಿ ಹನ್ನೊಂದು.

ನಮ್ಮ ರೂಮ್‌ಮೇಟ್ ತಂಗಿ ಹುಟ್ಟಿದ್ದು 2010ರ ಜುಲೈ ಕೊನೆಯಲ್ಲಿ. ಲೆಕ್ಕದ ಪ್ರಕಾರ ಇಯರ್ 11. ಐದು ವಾರ ತಡವಾಗಿ, ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದರೆ ಇಯರ್ 10. ಐದು ವಾರಕ್ಕೆ ಒಂದು ಪೂರ್ತಿ ವರ್ಷದ ವ್ಯತ್ಯಾಸ!

ಇದು ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್‌ನಲ್ಲಿ ಶಾಲೆ ಪದ್ಧತಿಯೇ ಬೇರೆ, ಪರೀಕ್ಷೆಗಳೂ ಬೇರೆ. "ಯುಕೆಗೆ ಹೋಗ್ತಿದ್ದಾರೆ" ಅಂದಾಗ ಮೊದಲು ಕೇಳಬೇಕಾದ್ದು ಯಾವ ಊರು ಅಂತ.

ಎರಡನೇ ಪಾಠ: ಪರೀಕ್ಷೆಯಿಂದ ಹಿಂದಕ್ಕೆ ಎಣಿಸಿ

ಇಯರ್ 11 ಆದರೆ ಏನು ತೊಂದರೆ, ವಯಸ್ಸಿಗೆ ಸರಿಯಾಗೇ ಇದೆಯಲ್ಲ ಅಂತ ಕೇಳಬಹುದು. ತೊಂದರೆ ಪರೀಕ್ಷೆಯಲ್ಲಿದೆ. ಇಂಗ್ಲೆಂಡಿನಲ್ಲಿ ಇಯರ್ 10 ಮತ್ತು 11 ಸೇರಿ ಒಂದೇ ಕೋರ್ಸ್ ಇದ್ದ ಹಾಗೆ. ಅದರ ಕೊನೆಗೆ, ಇಯರ್ 11ರ ಮೇ ಜೂನ್‌ನಲ್ಲಿ, ಜಿಸಿಎಸ್‌ಇ ಪರೀಕ್ಷೆ. ಎರಡು ವರ್ಷ ಓದಿದ್ದೆಲ್ಲ ಕೊನೆಯಲ್ಲಿ ಒಟ್ಟಿಗೆ ಬರುತ್ತೆ. ನಮ್ಮ ಹಾಗೆ ಸೆಮಿಸ್ಟರ್ ಮುಗಿದ ಮೇಲೆ ಮರೆಯೋ ಭಾಗ್ಯ ಇಲ್ಲ. ಗ್ರೇಡ್ 9ರಿಂದ 1ರವರೆಗೆ, 9 ಅತಿ ಹೆಚ್ಚು. ಇಂಗ್ಲಿಷ್ ಮತ್ತು ಗಣಿತದಲ್ಲಿ 4 ಬರದಿದ್ದರೆ ಹದಿನಾರರ ನಂತರವೂ ಆ ವಿಷಯ ಓದುತ್ತಲೇ ಇರಬೇಕು. ಅದಾದ ಮೇಲೆ ಇಯರ್ 12, 13ರಲ್ಲಿ ಎ ಲೆವೆಲ್. ಅಲ್ಲಿ ಸಾಮಾನ್ಯವಾಗಿ ಮೂರೇ ವಿಷಯ. ಯಾವ ಮೂರು ಸಿಗುತ್ತೆ ಅನ್ನೋದು ಜಿಸಿಎಸ್‌ಇ ಗ್ರೇಡ್ ಮೇಲೆ ನಿಂತಿರುತ್ತೆ.

ಈಗ ಎಣಿಸಿ. ಅಕ್ಟೋಬರ್‌ನಲ್ಲಿ ಇಯರ್ 11ಕ್ಕೆ ಸೇರಿದರೆ ಪರೀಕ್ಷೆಗೆ ಏಳು ತಿಂಗಳು. ಕೋರ್ಸ್ ಅರ್ಧಕ್ಕಿಂತ ಜಾಸ್ತಿ ಆಗಲೇ ಮುಗಿದಿರುತ್ತೆ. ಗಣಿತದ ಬಗ್ಗೆ ನಮಗೆ ಭಯ ಇರಲಿಲ್ಲ. ನಮ್ಮ ಹತ್ತನೇ ಕ್ಲಾಸಿನ ತ್ರಿಕೋನಮಿತಿ, ವರ್ಗ ಸಮೀಕರಣ ಅಲ್ಲಿ ಅವಳನ್ನ ಕಾಪಾಡುತ್ತೆ. ಭಯ ಇದ್ದದ್ದು ಇಂಗ್ಲಿಷ್ ಸಾಹಿತ್ಯದ ಪೇಪರ್. ಒಂದು ಶೇಕ್ಸ್‌ಪಿಯರ್ ನಾಟಕ, 19ನೇ ಶತಮಾನದ ಒಂದು ಕಾದಂಬರಿ, ಒಂದು ಆಧುನಿಕ ನಾಟಕ ಅಥವಾ ಕಾದಂಬರಿ, ಜೊತೆಗೆ ಒಂದು ಕಟ್ಟು ಕವಿತೆ. ಇವನ್ನೆಲ್ಲ ಪುಸ್ತಕ ಹತ್ತಿರ ಇಟ್ಟುಕೊಳ್ಳದೆ ಬರೆಯಬೇಕು. ಯಾವ ನಾಟಕ, ಯಾವ ಕಾದಂಬರಿ ಅನ್ನೋದು ಶಾಲೆಯಿಂದ ಶಾಲೆಗೆ ಬೇರೆ. ಹಾಗಾಗಿ ಇಲ್ಲಿಂದಲೇ ಓದಿಕೊಂಡು ಹೋಗೋದಕ್ಕೂ ಆಗಲ್ಲ.

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಆದರೂ ಒಂದು ಮಾದರಿ ಪ್ರಶ್ನೆ ಪತ್ರಿಕೆ ಡೌನ್‌ಲೋಡ್ ಮಾಡಿ ನೋಡಿ ಸುಮ್ಮನಾದೆವು. ಇಂಗ್ಲಿಷಿನಲ್ಲಿ ಫಿಸಿಕ್ಸ್ ಓದೋದು ಬೇರೆ, ಇಂಗ್ಲಿಷನ್ನೇ ಆ ಥರ ಬಿಡಿಸಿ ಬರೆಯೋದು ಬೇರೆ.

ಮೂರನೇ ಪಾಠ: ದಾರಿ ಒಂದೇ ಇರಲ್ಲ

ಬೋರ್ಡ್ ಮೇಲೆ ಮೂರು ದಾರಿ ಬರೆದೆವು.

ಒಂದು, ವಯಸ್ಸಿನ ಪ್ರಕಾರ ಇಯರ್ 11. ವರ್ಷ ಉಳಿಯುತ್ತೆ, ಗ್ರೇಡ್ ಹೋಗಬಹುದು.

ಎರಡು, ಒಂದು ವರ್ಷ ಕೆಳಗೆ, ಇಯರ್ 10 ಕೊಡಿ ಅಂತ ಕೇಳೋದು. ಕೋರ್ಸಿಗೆ ಆರಂಭದಲ್ಲೇ ಸೇರಿದ ಹಾಗೆ ಆಗುತ್ತೆ. ಆದರೆ ಇದು ಹಕ್ಕಲ್ಲ, ಮನವಿ. ಕೊಡೋದು ಬಿಡೋದು ಶಾಲೆಯ ಪ್ರವೇಶ ನೋಡಿಕೊಳ್ಳುವವರ ಕೈಯಲ್ಲಿ.

ಮೂರು, ಅವಳು ಹಾಸನದಲ್ಲಿ ಅಜ್ಜಿ ಮನೆಯಲ್ಲಿ ಉಳಿದು ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಬರೆದು ಆಮೇಲೆ ಹೋಗೋದು. ಆಗ 2026ರ ಸೆಪ್ಟೆಂಬರ್‌ಗೆ ಇಯರ್ 12, ವಯಸ್ಸಿಗೂ ಸರಿ. ನಮ್ಮ ಹತ್ತನೇ ಕ್ಲಾಸ್ ಅಂಕವನ್ನ ಎಷ್ಟರ ಮಟ್ಟಿಗೆ ಒಪ್ಪಬೇಕು ಅಂತ ಅಲ್ಲಿನ ಕಾಲೇಜುಗಳು ತೀರ್ಮಾನಿಸುತ್ತವೆ. ಒಪ್ಪದಿದ್ದರೆ, ಹೊಸದಾಗಿ ಬಂದ ಹದಿನಾರರ ಮಕ್ಕಳಿಗೆ ಕೆಲವು ಕಾಲೇಜುಗಳು ಒಂದು ವರ್ಷದ ಜಿಸಿಎಸ್‌ಇ ಕೋರ್ಸ್ ನಡೆಸುತ್ತವೆ.

ನಾವು ಇಂಜಿನಿಯರಿಂಗ್ ಹುಡುಗರಲ್ವಾ, ಎಕ್ಸೆಲ್ ಶೀಟ್ ಮಾಡಿದೆವು. ಸಮಯ, ಖರ್ಚು, ಗ್ರೇಡ್, ರಿಸ್ಕ್, ಪ್ರತಿಯೊಂದಕ್ಕೂ ವೆಯ್ಟೇಜ್. ಮೂರನೇ ದಾರಿಗೆ ಅತಿ ಹೆಚ್ಚು ಸ್ಕೋರ್ ಬಂತು. ವರ್ಷ ಹಾಳಾಗಲ್ಲ, ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತೆ. ಖುಷಿಯಿಂದ ಮನೆಗೆ ಕಳಿಸಿದೆವು.

ಎರಡು ದಿನ ಬಿಟ್ಟು ಅವಳೇ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದಳು. ನಾವೂ ಪಕ್ಕದಲ್ಲೇ ಇದ್ದೆವು. "ನಿಮ್ಮ ಶೀಟಲ್ಲಿ ನಾನು ಯಾವ ಕಾಲಮ್?" ಅಂದಳು. ಯಾರಿಗೂ ಉತ್ತರ ಬರಲಿಲ್ಲ. ಅಷ್ಟು ದಿನದಲ್ಲಿ ಅವಳನ್ನ ಒಂದು ಮಾತೂ ಕೇಳಿರಲಿಲ್ಲ.

ಕೇಳಿದಾಗ ಅವಳು ಹೇಳಿದ್ದು ಹೀಗೆ. ಅಮ್ಮ ಇಲ್ಲದೆ ಆರು ತಿಂಗಳು ಬೋರ್ಡ್ ಎಕ್ಸಾಮ್‌ಗೆ ಓದೋದಕ್ಕೆ ಆಗಲ್ಲ. ಒಂದು ವರ್ಷ ಹಿಂದೆ ಹಾಕಿದರೆ ಬೇಜಾರಿಲ್ಲ. "ಚಿಕ್ಕವರ ಜೊತೆ ಕೂರೋದಕ್ಕೆ ನಾಚಿಕೆ ಇಲ್ಲ. ಕ್ಲಾಸಲ್ಲಿ ಏನು ನಡೀತಿದೆ ಅಂತ ಗೊತ್ತಾಗದೆ ಕೂರೋದೇ ನನಗೆ ಭಯ" ಅಂದಳು.

ನಾಲ್ಕನೇ ಪಾಠ: ಇಯರ್ ಬ್ಯಾಕ್ ಅಲ್ಲ ಅದು

ನಿಜ ಹೇಳಬೇಕು ಅಂದ್ರೆ, ಎರಡನೇ ದಾರಿಗೆ ನಾವು ಕಡಿಮೆ ಅಂಕ ಕೊಟ್ಟಿದ್ದಕ್ಕೆ ಕಾರಣ ಒಂದು ಪದ. ಇಯರ್ ಬ್ಯಾಕ್. ನಮ್ಮ ಕ್ಯಾಂಪಸ್‌ನಲ್ಲಿ ಆ ಪದ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ನೆಂಟರು ಏನಂತಾರೆ, ಜೊತೆಯವರು ಮುಂದೆ ಹೋಗಿಬಿಡ್ತಾರೆ. ಆ ಭಯವನ್ನ ನಾವು ಗೊತ್ತಿಲ್ಲದೆ ಶೀಟಿನಲ್ಲಿ ತುಂಬಿಬಿಟ್ಟಿದ್ದೆವು. ಅವಳು ಎಲ್ಲೂ ಫೇಲ್ ಆಗಿರಲಿಲ್ಲ. ಹಳಿಯೇ ಬೇರೆ ಆದಾಗ ಯಾವ ಸ್ಟೇಷನ್‌ನಲ್ಲಿ ಹತ್ತಬೇಕು ಅನ್ನೋದಷ್ಟೇ ಪ್ರಶ್ನೆ.

ಈ ಸೆಮ್‌ನಲ್ಲಿ ನಮ್ಮ ಕ್ಲಾಸಿಗೆ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಬಂದಿದ್ದಾರೆ. ನೇರ ಮೂರನೇ ಸೆಮ್. ಲ್ಯಾಬ್‌ನಲ್ಲಿ ಅವರ ಕೈ ನಮಗಿಂತ ಚುರುಕು. ಆದರೆ ಗಣಿತದಲ್ಲಿ ನಾವು ಮೊದಲ ವರ್ಷ ಓದಿದ್ದನ್ನ ಅವರು ಹೆಚ್ಚುವರಿಯಾಗಿ, ಈ ಸೆಮ್‌ನ ಪಾಠದ ಜೊತೆಗೇ ಓದಬೇಕು. ಅವರ ಕಷ್ಟ ದಿನಾ ನೋಡ್ತಿದ್ದೇವೆ. ಇಯರ್ 11ಕ್ಕೆ ಅಕ್ಟೋಬರ್‌ನಲ್ಲಿ ಸೇರೋದು ಅದಕ್ಕಿಂತ ಕಷ್ಟ. ಅಲ್ಲಿ ಭಾಷೆ, ಊರು, ಸ್ನೇಹಿತರು ಎಲ್ಲವೂ ಹೊಸದು.

ಐದನೇ ಪಾಠ: ಮೊದಲ ಪತ್ರವೇ ಮುಖ್ಯ

ಕೊನೆಗೆ ಮನೆಯವರು ಇಯರ್ 10 ಕೇಳೋದು ಅಂತ ನಿರ್ಧರಿಸಿದರು. ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಯಲ್ಲಿ ಸೀಟೇ ಸಿಗದಿದ್ದರೆ ಅಪೀಲ್ ಮಾಡಬಹುದು. ಆದರೆ ಸೀಟು ಸಿಕ್ಕಿ, ಕೇಳಿದ ಇಯರ್ ಮಾತ್ರ ಸಿಗದಿದ್ದರೆ ಅಪೀಲ್ ಹಕ್ಕಿಲ್ಲ. ಅದಕ್ಕೇ ಮೊದಲ ಪತ್ರ ಗಟ್ಟಿಯಾಗಿರಬೇಕು. ಪ್ರತಿ ಮಗುವಿನ ಪರಿಸ್ಥಿತಿ ನೋಡಿ, ಆ ಮಗುವಿಗೆ ಯಾವುದು ಒಳ್ಳೆಯದು ಅಂತ ಅವರು ತೀರ್ಮಾನಿಸಬೇಕು ಅಂತ ನಿಯಮ ಇದೆ. ಸುಮ್ಮನೆ "ದಯವಿಟ್ಟು ಇಯರ್ 10 ಕೊಡಿ" ಅಂದರೆ ಸಾಲದು.

ಪತ್ರದ ಜೊತೆ ಕಳಿಸಿದ್ದು ಇಷ್ಟು: ಎಂಟು ಮತ್ತು ಒಂಬತ್ತನೇ ಕ್ಲಾಸಿನ ಅಂಕಪಟ್ಟಿ, ಯಾವ ವಿಷಯದಲ್ಲಿ ಏನೇನು ಪಾಠ ಆಗಿದೆ ಅನ್ನೋ ಪಟ್ಟಿ, ಕ್ಲಾಸ್ ಟೀಚರ್ ಬರೆದ ಒಂದು ಪುಟ, ಮತ್ತು ಅವಳೇ ಬರೆದ ಅರ್ಧ ಪುಟ. ಆ ಅರ್ಧ ಪುಟದಲ್ಲಿ ಯಾಕೆ ಎರಡು ವರ್ಷ ಬೇಕು ಅಂತ ಅವಳು ಬರೆದಿದ್ದಳು. ಶಾಲೆಯವರು ಮೊದಲು ಇಯರ್ 11 ಅಂದರು. ಆಮೇಲೆ ಅವಳನ್ನ ಕರೆದು ಮಾತಾಡಿಸಿ, ಒಂದು ಸಣ್ಣ ಟೆಸ್ಟ್ ಕೊಟ್ಟು, ಇಯರ್ 10ಕ್ಕೆ ಒಪ್ಪಿದರು.

ಆರನೇ ಪಾಠ: ಇದಕ್ಕೂ ಬೆಲೆ ಇದೆ

ಎಲ್ಲ ಸುಖಾಂತ್ಯ ಅಂತ ಬರೆದು ಮುಗಿಸಿದರೆ ತಪ್ಪಾಗುತ್ತೆ. ಎ ಲೆವೆಲ್ ಮುಗಿಯುವಾಗ ಅವಳಿಗೆ ಹತ್ತೊಂಬತ್ತು ತುಂಬುತ್ತಿರುತ್ತೆ, ಜೊತೆಯವರಿಗಿಂತ ದೊಡ್ಡವಳು. ಮಧ್ಯದಲ್ಲಿ ಮನೆ ಬದಲಿಸಿದರೆ ಹೊಸ ಶಾಲೆ ಮತ್ತೆ ವಯಸ್ಸಿನ ಲೆಕ್ಕಕ್ಕೇ ಹಾಕಬಹುದು. ಹಾಗಾಗಿ 2027ರವರೆಗೆ ಅದೇ ಊರಿನಲ್ಲಿ ಇರಬೇಕು ಅಂತ ಅಪ್ಪ ಬಾಡಿಗೆ ಮನೆಯನ್ನೂ ಅದೇ ಲೆಕ್ಕದಲ್ಲಿ ಹುಡುಕಿದರು.

ಯೂನಿವರ್ಸಿಟಿ ಫೀಸನ್ನೂ ಈಗಲೇ ನೋಡಬೇಕು. ಇಂಗ್ಲೆಂಡಿನಲ್ಲಿ ಅಲ್ಲಿಯವರಿಗೆ 2025-26ರಲ್ಲಿ ವರ್ಷಕ್ಕೆ ಗರಿಷ್ಠ 9,535 ಪೌಂಡ್. ಹೊರಗಿನವರಿಗೆ ಅದರ ಎಷ್ಟೋ ಪಟ್ಟು ಆಗಬಹುದು. ಅಲ್ಲಿಯವರ ಲೆಕ್ಕಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಕೋರ್ಸ್ ಶುರುವಾಗೋ ಮುಂಚೆ ಮೂರು ವರ್ಷ ಅಲ್ಲೇ ವಾಸ ಇರಬೇಕು, ಜೊತೆಗೆ ಖಾಯಂ ವಾಸದ ಅನುಮತಿಯೂ ಇರಬೇಕು. ವೀಸಾ ನಿಯಮ ಬದಲಾಗುತ್ತಾ ಇರುತ್ತೆ, ನೆಂಟರ ಮಾತು ಬಿಟ್ಟು ಸರ್ಕಾರದ ವೆಬ್‌ಸೈಟ್ ನೋಡಿ.

ಅಮೆರಿಕಕ್ಕೆ ಹೋಗುವವರಿಗೂ ಒಂದು ಮಾತು. ಅಲ್ಲಿ ಲೆಕ್ಕ ಬೇರೆ. ಹೈಸ್ಕೂಲ್ ಅಂದ್ರೆ ಗ್ರೇಡ್ 9ರಿಂದ 12, ನಾಲ್ಕು ವರ್ಷ ಕ್ರೆಡಿಟ್ ಕೂಡಿಸಬೇಕು. ಕಾಲೇಜಿಗೆ ಅರ್ಜಿ ಹಾಕುವಾಗ ಒಂಬತ್ತನೇ ಕ್ಲಾಸಿನ ಅಂಕವೂ ಜೊತೆಗೆ ಹೋಗುತ್ತೆ. ನಮ್ಮಲ್ಲಿ ಒಂಬತ್ತನೇ ಕ್ಲಾಸ್ ಅಂದ್ರೆ ಹತ್ತಕ್ಕೆ ರಿಹರ್ಸಲ್ ಅಷ್ಟೇ, ಅಂಕಪಟ್ಟಿ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಹೊರಡುವ ಮುಂಚೆ ಹುಡುಕಿ ಇಟ್ಟುಕೊಳ್ಳಿ.

ಕೊನೆಗೆ

ಮನೆಯಲ್ಲಿ ಈ ಪ್ರಶ್ನೆ ಬಂದರೆ ನಾಲ್ಕು ವಿಷಯ ನೆನಪಿಡಿ. ಹುಟ್ಟಿದ ದಿನಾಂಕ ಅಲ್ಲಿನ ಯಾವ ಇಯರ್‌ಗೆ ಬೀಳುತ್ತೆ ನೋಡಿ. ಮುಂದಿನ ದೊಡ್ಡ ಪರೀಕ್ಷೆಗೆ ಎಷ್ಟು ತಿಂಗಳು ಇದೆ ಎಣಿಸಿ. ಟಿಕೆಟ್ ಬುಕ್ ಮಾಡುವ ಮುಂಚೆಯೇ ದಾಖಲೆ ಜೋಡಿಸಿ. ಇದೆಲ್ಲಕ್ಕಿಂತ ಮೊದಲು, ಆ ಕ್ಲಾಸಲ್ಲಿ ಹೋಗಿ ಕೂರಬೇಕಾದವರನ್ನ ಕೇಳಿ.

ಅವಳು ಈಗ ಇಯರ್ 11ರಲ್ಲಿದ್ದಾಳೆ. 2027ರ ಮೇನಲ್ಲಿ ಪರೀಕ್ಷೆ. ಮೊದಲ ಮೂರು ತಿಂಗಳು ಊಟದ ಹೊತ್ತಲ್ಲಿ ಒಬ್ಬಳೇ ಲೈಬ್ರರಿಯಲ್ಲಿ ಕೂರ್ತಿದ್ದಳಂತೆ. ಈಗ ಇಲ್ಲ. ಹೋದ ವಾರ ಫೋನ್ ಮಾಡಿದಾಗ ಶೇಕ್ಸ್‌ಪಿಯರ್ ಬಗ್ಗೆ ಏನೋ ಕೇಳಿದಳು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವಳೇ ಇಪ್ಪತ್ತು ನಿಮಿಷ ನಮಗೆ ಪಾಠ ಮಾಡಿದಳು.

ಆ ಎಕ್ಸೆಲ್ ಶೀಟ್ ಇನ್ನೂ ನಮ್ಮ ಹತ್ತಿರ ಇದೆ. ಅದಕ್ಕೆ ಒಂದು ಕಾಲಮ್ ಸೇರಿಸಿದ್ದೇವೆ. ಬೇಕಾದವರು ಬಂದು ತೆಗೆದುಕೊಂಡು ಹೋಗಿ.