ತೋರಿಸಿದವರು

ಮಗಳೇ, ಬೆಂಗಳೂರಿಗೆ ಓದಲು ಹೋಗುತ್ತೇನೆ, ಅಲ್ಲಿನ ಕೆರೆಗಳ ಹಕ್ಕಿಗಳ ಮೇಲೆ ಕೆಲಸ ಮಾಡುತ್ತೇನೆ ಅಂದೆಯಲ್ಲ, ಈ ಮೇಷ್ಟ್ರಿಗೆ ಎಷ್ಟು ಹಿಗ್ಗಾಯಿತು ಗೊತ್ತೇ? ನಮ್ಮ ದ್ವಾರಸಮುದ್ರ ಕೆರೆಯ ಏರಿ ಮೇಲೆ ನೀರುಕಾಗೆ, ಮಿಂಚುಳ್ಳಿ ಗುರುತಿಸಲು ಕಲಿತವಳು ನೀನು. ಹೊರಡುವ ಮುಂಚೆ ಒಂದು ಮಾತು ಕೇಳಿಸಿಕೊ.

ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಹಕ್ಕಿ ಹಿಡಿಯುವುದು ಅವರ ಹಿರಿಯರ ಕಸುಬು, ಮನೆಮಾತು ವಾಗ್ರಿ. ಬಲೆ ಹಾಕುವವನಿಗೆ ಹಕ್ಕಿ ಎಲ್ಲಿ ಮೇಯುತ್ತದೆ, ಯಾವ ಹೊತ್ತಿಗೆ ನೀರಿಗಿಳಿಯುತ್ತದೆ, ಯಾವ ಕೂಗಿಗೆ ಓಗೊಡುತ್ತದೆ ಎಲ್ಲ ಗೊತ್ತಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಹಕ್ಕಿಗಳಿಗೆ ಆ ಕಾಯ್ದೆ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಲೆ ಬಿಡಿಸಿದ ಕೈಗೆ ಒಂದು ನೋಟ್‌ಬುಕ್ಕು ಕೊಡಬಹುದಿತ್ತಲ್ಲ! ಅಷ್ಟು ತಿಳಿವಳಿಕೆ ನಮ್ಮ ಕಣ್ಣೆದುರೇ ಸೋರಿಹೋಯಿತು. ಈಗ ಹಕ್ಕಿಪಿಕ್ಕಿಗಳು ಕೂದಲಿನ ಎಣ್ಣೆ ಮಾರುತ್ತಾ ಆಫ್ರಿಕಾದವರೆಗೂ ಹೋಗುತ್ತಾರೆ. 2023ರಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಕೊಂಡವರಲ್ಲಿ ಅವರೂ ಇದ್ದರು.

ಹಕ್ಕಿ ಬಲ್ಲವರನ್ನು ಹುಟ್ಟು ನೋಡಿ ದೂರವಿಡುವುದು ಬರೀ ನಮ್ಮ ಸೀಮೆಯ ಸಂಕಟವೂ ಅಲ್ಲ. 2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಕ್ಕಿ ನೋಡುತ್ತಿದ್ದ ಕಪ್ಪುವರ್ಣೀಯ ಕ್ರಿಶ್ಚಿಯನ್ ಕೂಪರ್, ನಾಯಿಗೆ ಹಗ್ಗ ಹಾಕಿ ಎಂದದ್ದಕ್ಕೆ ಬಿಳಿಯ ಮಹಿಳೆಯೊಬ್ಬಳು ಪೊಲೀಸರಿಗೆ ಫೋನ್ ಮಾಡಿದಳು. ವಾರದೊಳಗೆ ಕಪ್ಪು ಯುವ ವಿಜ್ಞಾನಿಗಳೂ ಹಕ್ಕಿಪ್ರೇಮಿಗಳೂ ಸೇರಿ ‘ಬ್ಲ್ಯಾಕ್ ಬರ್ಡರ್ಸ್ ವೀಕ್’ ಶುರುಮಾಡಿದರು. ಬೈನಾಕ್ಯುಲರ್ ಹಿಡಿದು ಪೊದೆಯ ಪಕ್ಕ ನಿಂತವನನ್ನು ಅಲ್ಲಿ ಬಣ್ಣ ನೋಡಿ ಅಳೆಯುತ್ತಾರೆ, ಇಲ್ಲಿ ಜಾತಿ ಕೇಳಿ.

ನಾನೂ ತಪ್ಪು ಮಾಡಿದವನೇ. ಹರೆಯದಲ್ಲಿ ನಮ್ಮ ದ್ವಾರಸಮುದ್ರ ಕೆರೆಯ ಹಕ್ಕಿಗಳ ಪಟ್ಟಿ ಬರೆದೆ. ಅರ್ಧಕ್ಕರ್ಧ ಹೆಸರು ಹೇಳಿಕೊಟ್ಟವರು ಬೆಸ್ತರ ಮನೆಯ ಒಬ್ಬ ಅಜ್ಜ. ಪಟ್ಟಿಯ ಕೆಳಗೆ ನನ್ನ ಹೆಸರೊಂದನ್ನೇ ಹಾಕಿಕೊಂಡೆ. ಅವರು ಹೋಗಿ ಎಷ್ಟೋ ವರ್ಷವಾಯಿತು, ಆ ಪುಟ ತೆರೆದರೆ ಇವತ್ತಿಗೂ ಎದೆ ಹಿಂಡುತ್ತದೆ.

ಅದಕ್ಕೇ ನಿನ್ನ ಹೊಸ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ನಾನೇ ಗೆರೆ ಎಳೆದಿಟ್ಟಿದ್ದೇನೆ: ‘ತೋರಿಸಿದವರು’. ಹುಲ್ಲು ಕೊಯ್ಯುವ ಹೆಂಗಸಿರಲಿ, ಮೀನು ಹಿಡಿಯುವ ಹುಡುಗನಿರಲಿ, ಹೆಸರು, ಊರು ಕೇಳಿ ಬರೆದುಕೊ. ಲೇಖನ ಅಚ್ಚಿಗೆ ಹೋಗುವಾಗ ಅವರನ್ನು ಧನ್ಯವಾದದ ಮೂಲೆಗೆ ತಳ್ಳಬೇಡ. ಕೆಲಸದಲ್ಲಿ ಪಾಲುಂಟಾದರೆ ಲೇಖಕರ ಸಾಲಿನಲ್ಲೇ ಕೂರಿಸು, ಯಾರು ಬೇಡವೆಂದರೂ ಹಠ ಹಿಡಿ.

ಯುಗಾದಿಗೆ ಬರುತ್ತೀಯಲ್ಲ, ಅಂಗಡಿಹಳ್ಳಿಗೆ ಇಬ್ಬರೂ ಹೋಗೋಣ. ಅಲ್ಲಿನ ಮಕ್ಕಳಲ್ಲಿ ಹಕ್ಕಿಯ ಹುಚ್ಚು ಯಾರಿಗಿದೆಯೋ ವಿಚಾರಿಸೋಣ. ನನ್ನ ಬೈನಾಕ್ಯುಲರ್ ಒರೆಸಿ ಇಟ್ಟಿದ್ದೇನೆ.